ಪರಂಗಿ ಅಳಿಯನ ಬೇಸಾಯ

ಥಾಯ್ ನುಡಿಯಲ್ಲಿ ಸೀಬೆಹಣ್ಣಿಗೆ ‘ಫರಂಗ್’ ಎಂದು ಹೆಸರು. ಬಿಳಿಯ ತೊಗಲಿನ ಪಶ್ಚಿಮದವನಿಗೂ ಅದೇ ಹೆಸರು. ಸಂತೆಯ ಬೀದಿಯಲ್ಲಿ ಯಾವನಾದರೂ ಆಂಗ್ಲ ಗೃಹಸ್ಥ ಸೀಬೆಹಣ್ಣನ್ನು ಕಚ್ಚುತ್ತ ನಿಂತಿದ್ದರೆ, ‘ಫರಂಗ್ ಫರಂಗನ್ನು ತಿನ್ನುತ್ತಿದೆ’ ಎಂದು ಹುಡುಗರು ಕೇಕೆ ಹಾಕುವುದುಂಟು. ಕನ್ನಡಿಗರಿಗೆ ಈ ವಿನೋದವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಇಲ್ಲಿಯೂ ಯುರೋಪಿನವನು ಪರಂಗಿಯವನೇ, ಪಪ್ಪಾಯಿಯೂ ಪರಂಗಿಯೇ. ಪಾರಸಿಯವರ ಬಾಯಲ್ಲಿ ಹುಟ್ಟಿದ ಒಂದು ಮಾತು ಹಡಗು ಹತ್ತಿ ಪೂರ್ವಕ್ಕೆ ಬಂದು, ಕನ್ನಡನಾಡಿನಲ್ಲಿ ಒಂದು ಹಣ್ಣಿನ ಮೇಲೆ, ಸಯಾಮಿನಲ್ಲಿ ಇನ್ನೊಂದು ಹಣ್ಣಿನ ಮೇಲೆ ಕುಳಿತುಬಿಟ್ಟಿತು. ಎರಡು ಹಣ್ಣುಗಳೂ ಅಮೆರಿಕಾ ಖಂಡದವು. ಇಂದು ಅವನ್ನು ಪರದೇಶದ್ದೆಂದು ಯಾರೂ ಎಣಿಸುವುದಿಲ್ಲ. ಹಿತ್ತಿಲಲ್ಲಿ ತಾನಾಗಿಯೇ ಮೊಳೆತು ಬೆಳೆಯುತ್ತವೆ. ಹಣ್ಣಿಗೆ ಒದಗಿದ ಈ ಭಾಗ್ಯ ಅದೇ ಹೆಸರಿನ ಮನುಷ್ಯನಿಗೆ ಒದಗೀತೆ?

ಒದಗೀತೆಂಬ ನಂಬಿಕೆಯಿಂದ ಹಳ್ಳಿ ಸೇರಿದವರು ಅನೇಕರು. ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ‘ಈಸಾನ್’ ಎನ್ನುತ್ತಾರೆ. ಸಂಸ್ಕೃತದ ಈಶಾನವೇ ಅದು. ಇಪ್ಪತ್ತು ಪ್ರಾಂತಗಳ, ದೇಶದ ಮೂರನೆಯ ಒಂದು ಪಾಲಿನಷ್ಟು ವಿಸ್ತಾರದ ನಾಡು. ಊರ ಹೆಸರುಗಳನ್ನು ಕೇಳಿದರೆ ಕಾವ್ಯವನ್ನು ಓದಿದಂತಾಗುತ್ತದೆ. ಉಡೋನ್ ಥಾನಿಯಲ್ಲಿ ‘ಉತ್ತರ’ ಅಡಗಿದೆ. ಉಬೋನ್ ರಾಚಥಾನಿಯಲ್ಲಿ ‘ಉತ್ಪಲ’ವೂ ‘ರಾಜಧಾನಿ’ಯೂ ಅರಳಿವೆ. ಹೆಸರಿನ ಈ ವೈಭವವನ್ನು ನಂಬಿ ನೆಲವೂ ಹಾಗೆಯೇ ಇದ್ದೀತೆಂದು ಭ್ರಮಿಸುವವರು ಕೆಡುತ್ತಾರೆ. ಮೇಲೆ ನೀರು ನಿಲ್ಲದ ಮರಳು ಮಣ್ಣು. ಆಳದಲ್ಲಿ ಕಲ್ಲುಪ್ಪಿನ ಹಾಸು. ಬಾವಿಯನ್ನು ಹಿಡಿತವಿಲ್ಲದೆ ತೋಡಿದರೆ ಸಿಹಿನೀರಿನ ಬದಲು ಉಪ್ಪುನೀರು ಉಕ್ಕುವುದುಂಟು. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಬಿರುಕು. ಈ ಸೀಮೆಯ ಒಂದು ದೊಡ್ಡ ಬಯಲಿಗೆ ‘ಕುಲಾ ಜನ ಅತ್ತ ಬಯಲು’ ಎಂಬರ್ಥದ ಹೆಸರೇ ನಿಂತಿದೆ. ಗಟ್ಟಿಮುಟ್ಟಾದ ವ್ಯಾಪಾರಿಗಳು ಕೂಡ ಅದನ್ನು ದಾಟುವಾಗ ಕಣ್ಣೀರಿಟ್ಟರೆಂಬುದು ಐತಿಹ್ಯ.

ಬಿಳಿಯರಿಗೂ ಈ ನಾಡಿಗೂ ಗಂಟು ಬಿದ್ದದ್ದು ಯುದ್ಧದಿಂದ. 1960ರ ದಶಕದಲ್ಲಿ ವಿಯೆಟ್ನಾಮಿನ ಮೇಲೆ ಬಾಂಬು ಸುರಿಸಲು ಹೊರಟ ಅಮೆರಿಕದ ವಿಮಾನಗಳು ಉಡೋನ್, ಉಬೋನ್, ಕೋರಾಟ್, ನಖೋನ್ ಫನೋಮ್ ಮೊದಲಾದ ನೆಲೆಗಳಿಂದ ಏರುತ್ತಿದ್ದವು. 1976ರ ವೇಳೆಗೆ ಸೈನ್ಯ ಹೊರಟುಹೋಯಿತು. ಕೆಲವರು ಹೊರಡಲಿಲ್ಲ, ಹೊರಟ ಕೆಲವರು ಹಿಂದಿರುಗಿದರು. ಮುಂದೆ ತೈಲಬಾವಿಗಳ ಯಂತ್ರಶಿಲ್ಪಿಗಳು, ಲಾರಿ ಚಾಲಕರು, ಪೋಲೀಸಿನಿಂದ ನಿವೃತ್ತರಾದವರು, ಉಪಾಧ್ಯಾಯರು—ಇಂಗ್ಲೆಂಡ್, ಜರ್ಮನಿ, ಸ್ವೀಡನ್, ಆಸ್ಟ್ರೇಲಿಯಾಗಳಿಂದ ಬಂದರು. ಬ್ಯಾಂಕಾಕಿನಲ್ಲಿಯೋ ಕಡಲತೀರದ ಊರಿನಲ್ಲಿಯೋ ಈಸಾನಿನ ಹೆಣ್ಣೊಬ್ಬಳ ಪರಿಚಯವಾಗಿ, ಮದುವೆಯಾಗಿ, ಅವಳ ತವರಿನಲ್ಲಿ ಮನೆ ಕಟ್ಟಿ, ಮನೆಯ ಹಿಂದಿನ ನೆಲವನ್ನು ನೋಡಿ, ‘ಇಲ್ಲಿ ಏನಾದರೂ ಬೆಳೆಯಬಾರದೆ’ ಎಂದುಕೊಂಡವರು ಇವರು. ಇವರಲ್ಲಿ ಹೆಚ್ಚಿನವರು ಅದುವರೆಗೆ ಕುಂಡದಲ್ಲಿ ಹೂಗಿಡವನ್ನಲ್ಲದೆ ಬೇರೇನನ್ನೂ ಬೆಳೆದವರಲ್ಲ.

ಹೆಂಡತಿಯ ತವರಿನಲ್ಲಿ ನೆಲೆಸುವುದಕ್ಕೆ ಕನ್ನಡನಾಡಿನಲ್ಲಿ ‘ಮನೆಯಳಿಯತನ’ವೆಂಬ ಹೆಸರಿದೆ, ಹೆಸರಿನಲ್ಲಿ ಒಂದಿಷ್ಟು ಹಗುರವೂ ಇದೆ. ಈಸಾನಿನಲ್ಲಿ ಹಾಗಲ್ಲ. ಅಲ್ಲಿ ಅಳಿಯನು ಮಾವನ ಮನೆಗೆ ಬಂದು ಕೆಲಕಾಲ ದುಡಿಯುವುದು ಹಳೆಯ ಕುಲಾಚಾರ. ಹಿರಿಯ ಹೆಣ್ಣುಮಕ್ಕಳು ಬೇರೆ ಮನೆ ಹೂಡಿದ ಮೇಲೆ, ತಾಯಿತಂದೆಯರನ್ನು ನೋಡಿಕೊಳ್ಳುವ ಕೊನೆಯ ಮಗಳಿಗೆ ಮನೆ ಸಲ್ಲುತ್ತದೆ. ಆದ್ದರಿಂದ ‘ಖೋಯ್ ಫರಂಗ್’, ಎಂದರೆ ಪರಂಗಿ ಅಳಿಯ, ಊರಿನ ಕಣ್ಣಿಗೆ ತೀರ ವಿಚಿತ್ರವಾದ ಪ್ರಾಣಿಯಲ್ಲ. ಅವನಿಗಾಗಿ ಒಂದು ಸ್ಥಾನ ಮೊದಲೇ ಸಿದ್ಧವಾಗಿದೆ. ಅತ್ತೆಯನ್ನು ಅತ್ತೆಯೆಂದೇ ಕರೆಯಬೇಕು, ದುಡಿಯಬೇಕು, ಹಬ್ಬಕ್ಕೆ ಹಣ ಕೊಡಬೇಕು, ಹೆಚ್ಚು ಮಾತನಾಡಬಾರದು. ಕೊನೆಯ ನಿಯಮವನ್ನು ಪಾಲಿಸುವುದು ಅವನಿಗೆ ಸುಲಭ, ಭಾಷೆ ಬಾರದಷ್ಟೆ.

ಊರು ಕೊಟ್ಟ ಸ್ಥಾನವನ್ನು ಕಾಯಿದೆ ಕೊಡಲಿಲ್ಲ. ವಿಷಯದ ಗಂಟು ಇರುವುದು ಇಲ್ಲಿಯೇ. 1954ರ ಭೂಸಂಹಿತೆಯ ಪ್ರಕಾರ ವಿದೇಶೀಯನಿಗೆ ಸಾಮಾನ್ಯವಾಗಿ ಭೂಮಿಯ ಒಡೆತನವಿಲ್ಲ. 1999ಕ್ಕೆ ಮೊದಲು ವಿದೇಶೀಯನನ್ನು ಮದುವೆಯಾದ ಥಾಯ್ ಹೆಣ್ಣಿಗೂ ಭೂಮಿ ಕೊಳ್ಳುವುದು ಕಷ್ಟವಾಗಿತ್ತು. ಆ ವರ್ಷದಿಂದ ದಾರಿ ಬಿಟ್ಟಿದ್ದಾರೆ. ಆದರೆ ನೋಂದಣಿಯ ದಿನ ಗಂಡಹೆಂಡಿರಿಬ್ಬರೂ ಕಚೇರಿಗೆ ಹೋಗಿ, ‘ಈ ಹಣ ಹೆಂಡತಿಯ ಸ್ವಂತದ್ದು, ಗಂಡನಿಗೆ ಇದರಲ್ಲಿ ಪಾಲಿಲ್ಲ’ ಎಂದು ಬರೆದುಕೊಡಬೇಕು. ಹಣ ಎಲ್ಲಿಂದ ಬಂದಿತೆಂಬುದು ಗುಮಾಸ್ತನಿಗೂ ಗೊತ್ತು, ಗೋಡೆಗೂ ಗೊತ್ತು. ಆದರೂ ಲಂಕಾಷೈರಿನಲ್ಲಿ ಮೂವತ್ತು ವರ್ಷ ದುಡಿದು ಉಳಿಸಿದ ದುಡ್ಡಿಗೆ, ‘ನನ್ನದಲ್ಲ’ ಎಂದು ಓದಲು ಬಾರದ ಲಿಪಿಯಲ್ಲಿ ರುಜು ಹಾಕಿ ಹೊರಬರುತ್ತಾನೆ ಆ ಮನುಷ್ಯ. ಮೇಲಾಗಿ 1999ರ ವಿದೇಶೀ ವ್ಯವಹಾರ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿಯೇ ಬತ್ತದ ಬೇಸಾಯ, ತೋಟಗಾರಿಕೆ, ಪಶುಪಾಲನೆಗಳನ್ನು ಥಾಯ್ ಜನಕ್ಕೆ ಮೀಸಲಿಟ್ಟಿದ್ದಾರೆ. ಉದ್ಯೋಗದ ಪರವಾನಗಿಯ ಕಾಯಿದೆ ಬೇರೆಯೇ ಇದೆ. ಹೆಂಡತಿಯ ಗದ್ದೆಯಲ್ಲಿ ಗಂಡ ಬಗ್ಗಿ ಕಳೆ ಕಿತ್ತರೆ ಅದು ‘ಉದ್ಯೋಗ’ವೋ ದಾಂಪತ್ಯವೋ ಎಂಬ ಪ್ರಶ್ನೆಯನ್ನು ಹಿಡಿದು ಇವರು ಸಂಜೆಗಟ್ಟಲೆ ಚರ್ಚಿಸಬಲ್ಲರು.

ಭೂಮಿಯ ಕಾಗದಗಳ ಮೇಲೆ ಗರುಡನ ಮುದ್ರೆ ಇರುತ್ತದೆ. ಆ ರಾಜ್ಯದ ಲಾಂಛನವೇ ಗರುಡ. ಕೆಂಪು ಗರುಡನಿದ್ದರೆ ಪೂರ್ಣ ಒಡೆತನದ ಪತ್ರ. ಹಸುರು ಗರುಡನೂ ಕಪ್ಪು ಗರುಡನೂ ಅದಕ್ಕಿಂತ ಕೆಳಗಿನವರು. ಅನುಭೋಗವಿದೆ, ಅಳತೆ ಅಷ್ಟು ಖಚಿತವಲ್ಲ. ನೀಲಿ ಗರುಡ 1975ರ ಭೂಸುಧಾರಣೆಯ ಸಂತಾನ. ಆ ಭೂಮಿಯನ್ನು ಉಳಬಹುದು, ಮಕ್ಕಳಿಗೆ ಬಿಡಬಹುದು, ಮಾರುವಂತಿಲ್ಲ. ಹೊಸಬನು ತಿಳಿಯದೆ ನೀಲಿ ಗರುಡನಿಗೆ ಹಣ ಸುರಿದರೆ ಗರುಡ ಹಾರಿಹೋದಂತೆಯೇ ಲೆಕ್ಕ. ಆದ್ದರಿಂದ ಒಬ್ಬ ಪರಂಗಿ ಅಳಿಯ ಇನ್ನೊಬ್ಬನನ್ನು ಕಂಡಾಗ ಕ್ಷೇಮಸಮಾಚಾರದ ಜತೆಯಲ್ಲಿ ಕೇಳುವ ಮಾತು ಗರುಡನ ಬಣ್ಣದ್ದು. ಗಂಡನ ರಕ್ಷಣೆಗೆಂದು ಇರುವ ಒಂದು ಹಕ್ಕು ಉಂಟು: ಥಾಯ್ ಮಾತಿನಲ್ಲಿ ‘ಸಿತ್ಥಿ ಕೆಪ್ ಕಿನ್’, ಎಂದರೆ ಕೂಡಿಟ್ಟು ತಿನ್ನುವ ಹಕ್ಕು. ಭೂಮಿ ಹೆಂಡತಿಯದು, ಫಲ ಜೀವಮಾನ ಪರ್ಯಂತ ಅಥವಾ 30 ವರ್ಷ ಗಂಡನದು ಎಂದು ಪತ್ರದ ಬೆನ್ನಿನ ಮೇಲೆ ಬರೆಸಬಹುದು. ಅದಕ್ಕೂ ಒಂದು ತೊಡಕಿದೆ. ಗಂಡಹೆಂಡಿರ ನಡುವಣ ಒಪ್ಪಂದವನ್ನು ದಾಂಪತ್ಯ ಇರುವಷ್ಟು ಕಾಲ, ಮುರಿದ ಮೇಲೆ ಇನ್ನೊಂದು ವರ್ಷದವರೆಗೆ, ಇಬ್ಬರಲ್ಲಿ ಯಾರು ಬೇಕಾದರೂ ರದ್ದುಮಾಡಬಹುದೆಂದು ಸಿವಿಲ್ ಸಂಹಿತೆ ಹೇಳುತ್ತದೆ.

ಇದು ಅನ್ಯಾಯವೆಂದು ಅವರಲ್ಲಿ ಹಲವರು ಗೊಣಗುತ್ತಾರೆ. ಹಳ್ಳಿಯ ಕಡೆಯಿಂದ ನೋಡಿದರೆ ಅಷ್ಟು ಅನ್ಯಾಯವೆನಿಸುವುದಿಲ್ಲ. ಪೌಂಡಿನ, ಡಾಲರಿನ ಚೀಲಗಳಿಗೆ ಬಾಗಿಲು ತೆರೆದಿದ್ದರೆ, ಸಾಲದಲ್ಲಿ ಮುಳುಗಿದ ಈಸಾನಿನ ರೈತನ ಕೈಯಲ್ಲಿ ಒಂದು ತಲೆಮಾರಿನೊಳಗೆ ಬದುವೂ ಉಳಿಯುತ್ತಿರಲಿಲ್ಲ. ಯುರೋಪಿನ ದೊರೆತನಕ್ಕೆ ಎಂದೂ ಒಳಗಾಗದ ನಾಡು ತನ್ನ ಗದ್ದೆಯ ವಿಷಯದಲ್ಲಿ ಎಚ್ಚರದಿಂದಿರುವುದು ಸಹಜವೇ. ಆದರೆ ನೀತಿಗೆ ಸಮಾಧಾನವಾದುದು ಬಾಳಿಗೆ ಸಮಾಧಾನವಾಗಬೇಕಲ್ಲ. ತನ್ನದಲ್ಲದ, ತನ್ನದಾಗದ ನೆಲದಲ್ಲಿ ಒಬ್ಬ ಮನುಷ್ಯ ಏನನ್ನು ನೆಡುತ್ತಾನೆ? ಮೂರು ತಿಂಗಳ ಬೆಳೆಯನ್ನೋ, ಮೂವತ್ತು ವರ್ಷದ ಮರವನ್ನೋ?

ಮೊದಲು ನೆಡುವುದು ಬತ್ತವನ್ನೇ. ಅಲ್ಲಿನ ಭೂಮಾಪನ ‘ರೈ’. ಒಂದು ರೈ ಎಂದರೆ 1,600 ಚದರ ಮೀಟರು, ಕನ್ನಡನಾಡಿನ ಲೆಕ್ಕಕ್ಕೆ ಹದಿನಾರು ಗುಂಟೆಗೆ ಒಂದು ಕೂದಲೆಳೆ ಕಡಮೆ. ಎರಡೂವರೆ ರೈ ಕೂಡಿದರೆ ಹತ್ತಿರಹತ್ತಿರ ಎಕರೆ. ಈಸಾನಿನ ಹೆಸರುವಾಸಿ ತಳಿ ‘ಖಾವ್ ಡಾಕ್ ಮಲಿ 105’, 1959ರಲ್ಲಿ ಸರಕಾರ ಬಿಡುಗಡೆ ಮಾಡಿದ ಮಲ್ಲಿಗೆ ಅಕ್ಕಿ. ‘ಮಲಿ’ ಎಂಬುದು ಕನ್ನಡದ ಮಲ್ಲಿಗೆಯ ಬಂಧುವೇ. ಈ ಬತ್ತಕ್ಕೆ ಒಂದು ಹಟವಿದೆ. ಹಗಲು ಕಿರಿದಾಗುವ ತನಕ ಅದು ಹೂಬಿಡದು. ಜೂನಿನಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ನಾಟಿಮಾಡಿದರೂ ಹೊಡೆ ಹೊರಡುವುದು ಅಕ್ಟೋಬರಿನಲ್ಲಿ, ಕೊಯ್ಲು ನವೆಂಬರಿನಲ್ಲಿ. ಹೊಸ ಅಳಿಯನಿಗೆ ಇದು ತಿಳಿಯದು. ಬೇಗ ಬಿತ್ತಿ ಬೇಗ ಕೊಯ್ದು ಇನ್ನೊಂದು ಬೆಳೆ ತೆಗೆಯುವ ಯೋಜನೆಯನ್ನು ಹಾಳೆಯ ಮೇಲೆ ಗೆರೆ ಎಳೆದು ತಯಾರಿಸುತ್ತಾನೆ. ಮಾವ ನೋಡುತ್ತಾನೆ, ಏನೂ ಹೇಳುವುದಿಲ್ಲ. ಬತ್ತವೇ ಹೇಳುತ್ತದೆ.

ಇಳುವರಿಯೂ ಹಾಳೆಯ ಲೆಕ್ಕಕ್ಕೆ ಒಗ್ಗುವುದಿಲ್ಲ. ಮಳೆಯಾಶ್ರಯದಲ್ಲಿ ರೈಗೆ ಸುಮಾರು 350 ಕಿಲೋ ಬಂದರೆ ಅದು ಒಪ್ಪುವ ಬೆಳೆ. ಕಿಲೋಗೆ 15 ಬಾಟ್ ಸಿಕ್ಕಿತೆಂದು ಇಟ್ಟುಕೊಂಡರೂ ರೈಗೆ 5,250 ಬಾಟ್. ಅದರಲ್ಲಿ ಉಳುಮೆ, ಗೊಬ್ಬರ, ಕೊಯ್ಲುಯಂತ್ರದ ಬಾಡಿಗೆ ಕಳೆಯಬೇಕು. ಎಮ್ಮೆ ಕೋಣಗಳ ಕಾಲ ಮುಗಿದು ‘ಕಬ್ಬಿಣದ ಎಮ್ಮೆ’ಯೆಂದು ಕರೆಯಿಸಿಕೊಳ್ಳುವ ಟಿಲ್ಲರುಗಳು ಬಂದು ಎಷ್ಟೋ ವರ್ಷಗಳಾದವು. ಹತ್ತು ರೈ ಉಳುವವನು ಲಾಭ ನಷ್ಟದ ಪಟ್ಟಿ ಬರೆದರೆ ಎದೆಯೊಡೆಯುತ್ತದೆ. ಅತ್ತೆ ಆ ಪಟ್ಟಿಯನ್ನು ಬರೆಯುವುದೇ ಇಲ್ಲ. ವರ್ಷದ ಅನ್ನ ಕಣಜದಲ್ಲಿದೆ, ನೆಂಟರಿಗೆ ಕೊಟ್ಟದ್ದಾಯಿತು, ಗುಡಿಯ ಭಿಕ್ಷುಗಳಿಗೆ ನೀಡಿದ್ದಾಯಿತು. ಆಕೆಯ ಲೆಕ್ಕದಲ್ಲಿ ಬೇಸಾಯ ಅಷ್ಟಕ್ಕೆ ಮುಗಿಯಿತು.

ಇಂಥ ಎರಡು ಲೆಕ್ಕಗಳ ನಡುವೆ ಪರಂಗಿ ಅಳಿಯ ಪಡುವ ಪಾಡು ಒಂದು ಪುರಾಣ. ಮಾವಿನ ಮರದಲ್ಲಿ ಎಲೆಗಳನ್ನು ಹೆಣೆದು ಗೂಡುಮಾಡುವ ಕೆಂಪಿರುವೆಗಳು ಕಚ್ಚುತ್ತವೆಂದು ಔಷಧ ಹೊಡೆದುಬಿಡುವುದು ಹೊಸಬರ ಒಂದು ಸಾಮಾನ್ಯ ಅಪರಾಧ. ‘ಹಣ್ಣನ್ನು ಯಾರು ಕೇಳಿದ್ದರು, ಮೊಟ್ಟೆಯೆಲ್ಲ ಹೋಯಿತಲ್ಲ!’ ಎಂದು ಅತ್ತೆ ಗೋಳಾಡುತ್ತಾಳೆ. ಆ ಇರುವೆಯ ಮೊಟ್ಟೆ ಮರಿಗಳು ಈಸಾನಿನಲ್ಲಿ ಮೃಷ್ಟಾನ್ನ. ಬೇಸಗೆಯ ಸಂತೆಯಲ್ಲಿ ಅದರ ಬೆಲೆ ಮಾಂಸಕ್ಕಿಂತ ಮೇಲೆ. ಮಲೆನಾಡಿನ ಕಡೆಯ ವಾಚಕರು ಇದನ್ನು ಓದಿ ನಗಲಾರರು. ಅವರ ಚಿಗಳಿ ಚಟ್ನಿಯ ಇರುವೆಯೂ ಇದೇ ಜಾತಿಯದು.

ಹೊಂಡದ ಕಥೆ ಇನ್ನೂ ದುಬಾರಿ. ನೀರಿಲ್ಲದೆ ಬೇಸಾಯವಿಲ್ಲ, ಆದ್ದರಿಂದ ಹೊಂಡ ತೋಡಿಸು, ಮೀನು ಬಿಡು ಎಂದು ಎಲ್ಲರೂ ಹೇಳುತ್ತಾರೆ. ರಾಜ ಭೂಮಿಬೋಲ್ ಅವರ ‘ಹೊಸ ಸೂತ್ರ’ವೂ ಸಣ್ಣ ಹಿಡುವಳಿಯಲ್ಲಿ ನೂರಕ್ಕೆ 30 ಪಾಲು ಹೊಂಡಕ್ಕೆ, 30 ಬತ್ತಕ್ಕೆ, 30 ಹಣ್ಣು ತರಕಾರಿಗೆ, 10 ಮನೆ ಕೊಟ್ಟಿಗೆಗೆ ಎಂದು ಹಂಚಿತು. ಮೀನೂ ಅರಮನೆಯ ಕೊಡುಗೆಯೇ. 1965ರಲ್ಲಿ ಜಪಾನಿನ ಯುವರಾಜ ಅಕಿಹಿತೊ ಕಳುಹಿಸಿದ 50 ತಿಲಾಪಿಯಾ ಮೀನುಗಳನ್ನು ಅರಮನೆಯ ಕೊಳದಲ್ಲಿ ಸಾಕಿ, ಮರುವರ್ಷ ಮರಿಗಳನ್ನು ಮೀನುಗಾರಿಕೆಯ ಇಲಾಖೆಗೆ ಕೊಟ್ಟರು. ಇಂದು ಹಳ್ಳಿ ಹಳ್ಳಿಯ ಊಟದಲ್ಲಿ ಅದು ಉಂಟು. ಇಷ್ಟೆಲ್ಲ ಸರಿಯೇ. ಆದರೆ ಮರಳು ನೆಲದಲ್ಲಿ ತೋಡಿದ ಹೊಂಡ ಡಿಸೆಂಬರಿನ ಹೊತ್ತಿಗೆ ಬತ್ತಿ, ತಳದಲ್ಲಿ ಬಿಳಿಯ ಉಪ್ಪು ಮೂಡಿದಾಗ ಯಾವ ಸೂತ್ರವೂ ನೆರವಿಗೆ ಬಾರದು. ಬಹುಕಾಲ ನಿಂತವರು ಹೊಸಬರಿಗೆ ಕೊಡುವ ಸಲಹೆ ಒಂದೇ: ‘ಏಪ್ರಿಲ್ ತಿಂಗಳಲ್ಲಿ ಬಾ, ನೆರೆಯವನ ಹೊಂಡವನ್ನು ನೋಡು, ಆಮೇಲೆ ಅಗೆಯುವ ಯಂತ್ರಕ್ಕೆ ಹೇಳಿಕಳುಹಿಸು.’ ಏಪ್ರಿಲ್ ನಡುವಿನಲ್ಲಿ ಅವರ ಹೊಸವರ್ಷದ ಸೊಂಕ್ರಾನ್, ನೀರೆರಚಾಟದ ಸಂಕ್ರಾಂತಿ. ಬೀದಿಯಲ್ಲಿ ನೀರು ಹರಿಯುವ ಆ ದಿನಗಳಲ್ಲಿಯೇ ಹೊಂಡದಲ್ಲಿ ನೀರು ಅತ್ಯಂತ ಕಡಮೆ.

ಈ ಸಲಹೆ ಯಾವ ಪುಸ್ತಕದಲ್ಲಿಯೂ ಇಲ್ಲ. ಇಂಗ್ಲಿಷಿನ ಕೃಷಿಗ್ರಂಥಗಳು ಹಿಮ ಬೀಳುವ ನಾಡಿನವು. ಥಾಯ್ ಭಾಷೆಯ ಕರಪತ್ರಗಳನ್ನು ಅವನು ಓದಲಾರ. ಗೊಬ್ಬರದ ಚೀಲದ ಮೇಲಿನ 16-20-0 ಎಂಬ ಅಂಕೆಗಳು ಮಾತ್ರ ಓದಲು ಬರುತ್ತವೆ. ಅವನ ಅಕ್ಷರಾಭ್ಯಾಸ ಅಲ್ಲಿಂದಲೇ ತೊಡಗುತ್ತದೆಂದರೆ ತಪ್ಪಲ್ಲ. ಹೀಗಾಗಿ ಇವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ. ನೂರು, ಇನ್ನೂರು ಕಿಲೋಮೀಟರು ದಾರಿ. ಹಿಂಬದಿ ತೆರೆದ ಗಾಡಿ. ಜತೆಯಲ್ಲಿ ಹೆಂಡತಿ, ಆಕೆಯ ತಂಗಿ, ಒಂದೆರಡು ಮಕ್ಕಳು, ಬುಟ್ಟಿಯಲ್ಲಿ ಜಿಗುಟಕ್ಕಿಯ ಅನ್ನ. ಹೋದವರು ಮೊದಲು ಮನೆಯೊಳಗೆ ಕಾಲಿಡುವುದಿಲ್ಲ, ನೇರವಾಗಿ ಬದುವಿನ ಮೇಲೆ ನಡೆಯುತ್ತಾರೆ. ಅಲ್ಲಿ ಸುಳ್ಳಿಗೆ ಎಡೆಯಿಲ್ಲ. ‘ಹಂದಿಗೂಡಿಗೆ ವಾಸನೆಯೇ ಇಲ್ಲ’ ಎಂದವನ ಹಂದಿಗೂಡಿನ ಬಳಿ ನಿಂತರೆ ಸತ್ಯ ಮೂಗಿಗೇ ತಿಳಿಯುತ್ತದೆ. ಯಾವ ಔಷಧ ಕೆಲಸ ಮಾಡಿತು, ಯಾವ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದ, ಭೂಅಭಿವೃದ್ಧಿ ಇಲಾಖೆ ಪುಕ್ಕಟೆ ಕೊಡುವ ಗೊಬ್ಬರ ಕೊಳೆಯಿಸುವ ಪುಡಿಯನ್ನು ಎಲ್ಲಿ ಕೇಳಬೇಕು, ಹಳ್ಳಿಗಳಲ್ಲಿರುವ ‘ಮಣ್ಣಿನ ವೈದ್ಯ’ರೆಂಬ ಸ್ವಯಂಸೇವಕರಲ್ಲಿ ಯಾರ ಮಾತು ನಂಬಬಹುದು—ಇಂಥದನ್ನೆಲ್ಲ ಒಬ್ಬ ಇನ್ನೊಬ್ಬನಿಗೆ ಒಂದು ಕಾಸೂ ಕೇಳದೆ ಒಪ್ಪಿಸುತ್ತಾನೆ. ಥಾಯ್ ಹಳ್ಳಿಗಳಲ್ಲಿ ನಾಟಿಗೂ ಕೊಯ್ಲಿಗೂ ಒಬ್ಬರ ಗದ್ದೆಗೆ ಎಲ್ಲರೂ ಇಳಿಯುವ ‘ಲೊಂಗ್ ಖೇಕ್’ ಎಂಬ ಪದ್ಧತಿಯಿತ್ತು, ಕನ್ನಡನಾಡಿನ ಮುಯ್ಯಾಳಿನಂಥದು. ಯಂತ್ರಗಳು ಬಂದು ಅದು ಬಹುಮಟ್ಟಿಗೆ ಅಳಿಯಿತು. ಊರವರು ಕೈಬಿಟ್ಟ ಮುಯ್ಯಿಯನ್ನು ಪರವೂರವರು ಮಾತಿನಲ್ಲಿ ನಡೆಸುತ್ತಿದ್ದಾರೆ. ನೆಲ ಅವರದಲ್ಲ, ಬೆಳೆ ಕಾಯಿದೆಯ ಕಣ್ಣಿಗೆ ಅವರದಲ್ಲ. ಕೆಟ್ಟು ಕಲಿತದ್ದೊಂದೇ ಅವರದು. ಅದನ್ನು ಮಾತ್ರ ಯಾರ ರುಜುವೂ ಇಲ್ಲದೆ ಇನ್ನೊಬ್ಬನಿಗೆ ಕೊಡಬಹುದು.

ಗಂಡಸರು ಬದುವಿನ ಮೇಲೆ ಅಂಕೆಸಂಖ್ಯೆಗಳನ್ನು ಮಾತನಾಡುತ್ತಿರುವಾಗ ಹೆಂಗಸರು ಚಾಪೆಯ ಮೇಲೆ ಕುಳಿತು ಹಸಿ ಪಪ್ಪಾಯಿಯ ಕೋಸಂಬರಿ ಕುಟ್ಟುತ್ತಾರೆ. ನಿಜವಾದ ಕೃಷಿಸಮ್ಮೇಳನ ನಡೆಯುವುದು ಅಲ್ಲಿಯೇ ಎಂದು ಹೇಳಬೇಕು. ಆಳುಗಳು ಎಲ್ಲಿ ಸಿಗುತ್ತಾರೆ, ಸಕ್ಕರೆ ಕಾರ್ಖಾನೆಯವರು ಕಬ್ಬಿಗೆ ಯಾವಾಗ ಹಣ ಕೊಟ್ಟರು, ಯಾರ ಗಂಡ ಯಾವ ಹೊಸ ಹುಚ್ಚಿಗೆ ಎಷ್ಟು ಹಾಳುಮಾಡಿದ, ಎಲ್ಲವೂ ಆ ಚಾಪೆಗೆ ಗೊತ್ತು. ಇವರ ಮನಸ್ಸಿನ ಒಂದು ಸಂಕಟವನ್ನು ಗಂಡಂದಿರು ಬೇಗ ಅರಿಯುವುದಿಲ್ಲ. ಕೆಸರಿನಿಂದ ತಪ್ಪಿಸಿಕೊಂಡು ಹೋಗುವುದಕ್ಕೆಂದೇ ಆಕೆ ಹರೆಯದಲ್ಲಿ ಊರು ಬಿಟ್ಟಿದ್ದಳು. ಬ್ಯಾಂಕಾಕಿನ ಹೊಲಿಗೆ ಕಾರ್ಖಾನೆಯಲ್ಲಿಯೋ ಹೋಟಲಿನಲ್ಲಿಯೋ ವರ್ಷಗಟ್ಟಲೆ ನಿಂತು ದುಡಿದಿದ್ದಳು. ಗಟ್ಟಿ ಮನೆ ಕಟ್ಟಿ ತಾಯಿಯ ಮುಖ ಅರಳಿಸಬೇಕು, ತಣ್ಣಗೆ ಕುಳಿತುಕೊಳ್ಳಬೇಕು ಎಂಬ ಆಸೆ ಅವಳದು. ಮದುವೆಯಾದ ಗಂಡನಿಗೋ ಕೆಸರೇ ಸ್ವರ್ಗ! ಅವಳ ಆಸೆ ಅವನಿಗೆ ತಿಳಿಯುವ ಹೊತ್ತಿಗೆ ಎರಡು ಮಳೆಗಾಲ ಕಳೆದಿರುತ್ತವೆ.

ಹಣದ ಮಾತನ್ನು ಬಿಟ್ಟರೆ ಈ ಬಾಳಿನ ಚಿತ್ರ ಪೂರ್ತಿಯಾಗದು. ವಲಸೆಯ ಇಲಾಖೆಗೆ ಪ್ರತಿ 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. ಬಿತ್ತಿದ ಬತ್ತ ಕೊಯ್ಲಿಗೆ ಬರುವುದರೊಳಗೆ ಒಮ್ಮೆಯಾದರೂ ತಾನು ಪರದೇಶಿಯೆಂದು ಹೋಗಿ ಹೇಳಿಬರಬೇಕು. ಥಾಯ್ ಹೆಂಡತಿಯ ಗಂಡನೆಂದು ಒಂದೊಂದು ವರ್ಷ ಇರಬೇಕಾದರೆ ಬ್ಯಾಂಕಿನಲ್ಲಿ 4 ಲಕ್ಷ ಬಾಟ್ ತೋರಿಸಬೇಕು, ಇಲ್ಲವೆ ತಿಂಗಳಿಗೆ 40,000 ವರಮಾನವನ್ನು ತೋರಿಸಬೇಕು. ಬ್ರಿಟನ್ನಿನ ವೃದ್ಧಾಪ್ಯ ವೇತನ ಥಾಯ್ಲೆಂಡಿನಲ್ಲಿ ನೆಲೆಸಿದವನಿಗೆ ವರ್ಷ ವರ್ಷ ಏರುವುದಿಲ್ಲ. ಹೊರಟ ದಿನದ ಮಟ್ಟದಲ್ಲಿಯೇ ಹೆಪ್ಪುಗಟ್ಟುತ್ತದೆ. 2007ರಲ್ಲಿ ಪೌಂಡಿಗೆ ಸುಮಾರು 70 ಬಾಟ್ ದೊರೆಯುತ್ತಿದ್ದುದು 2016ರ ಕೊನೆಗೆ 45ಕ್ಕಿಂತ ಕೆಳಗಿಳಿಯಿತು. ವಿನೋದಕ್ಕೆಂದು ಹಿಡಿದ ಗುದ್ದಲಿಯನ್ನು ಅನೇಕರು ಅಂದಿನಿಂದ ಹೊಟ್ಟೆಪಾಡಿಗೆ ಹಿಡಿಯಬೇಕಾಯಿತು.

ಅಂಥವರಲ್ಲಿ ಕೆಲವರಿಗೆ ರಬ್ಬರ್ ದೊಡ್ಡ ಆಸೆಯನ್ನು ತೋರಿಸಿತ್ತು. 2004ರಿಂದ ಸರಕಾರ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲಿ ಹತ್ತು ಲಕ್ಷ ರೈ ರಬ್ಬರ್ ನೆಡಿಸುವ ಯೋಜನೆ ಹೂಡಿತು. ನೆಟ್ಟ ಏಳು ವರ್ಷಕ್ಕೆ ಹಾಲು; ಹಣೆಯ ಮೇಲೆ ದೀಪ ಕಟ್ಟಿಕೊಂಡು ನಡುರಾತ್ರಿ ತೊಗಟೆ ಕೆತ್ತಬೇಕು. 2011ರ ಆರಂಭದಲ್ಲಿ ಕಿಲೋ ಹಾಳೆಗೆ 170 ಬಾಟ್ ದಾಟಿದಾಗ ಬದುವಿನ ಮೇಲಿನ ಸಂಭಾಷಣೆಗಳೆಲ್ಲ ರಬ್ಬರಿನವೇ. 2014ರ ಕೊನೆಗೆ ಬೆಲೆ 50ರ ಆಸುಪಾಸಿಗೆ ಕುಸಿಯಿತು. ಮೊದಲು ನೆಟ್ಟವರ ಮರ ಆಗತಾನೆ ಹಾಲು ಕೊಡಲು ತೊಡಗಿತ್ತು. ಮರ ಕಡಿಯಬೇಕೆ, ಕಾಯಬೇಕೆ? ಇದಕ್ಕೆ ಭೇಟಿಗಳಲ್ಲಿ ಉತ್ತರ ಸಿಗಲಿಲ್ಲ. ಆದರೆ ಎಲ್ಲರ ತೋಟದಲ್ಲಿಯೂ ಅದೇ ಪಾಡೆಂದು ಕಣ್ಣಾರೆ ಕಂಡವನು ಮನೆಗೆ ಬಂದು ಒಂದು ರಾತ್ರಿ ನೆಮ್ಮದಿಯಾಗಿ ಮಲಗಿದನು. ಅಷ್ಟೂ ಕಡಮೆಯೇನಲ್ಲ.

ಮರಗೆಣಸಿನ ಕಥೆಯಲ್ಲಿ ಬೆಂಗಳೂರಿನ ಪಾಲೂ ಉಂಟು. ಕಾಂಡದ ತುಂಡನ್ನು ನೆಟ್ಟರೆ ಬರಡು ಮರಳಿನಲ್ಲಿಯೂ ಬೆಳೆಯುವ ಗೆಣಸಿದು. 2008ರಲ್ಲಿ ದಕ್ಷಿಣ ಅಮೆರಿಕ ಮೂಲದ ಒಂದು ಹಿಟ್ಟುತಿಗಣೆ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಗಿಡದ ಸುಳಿ ಮುದುಡಿ ಗೊಂಚಲಾಯಿತು. ಬರಗಾಲವೂ ಜತೆಗೂಡಿ, 2009ರಲ್ಲಿ 3 ಕೋಟಿ ಟನ್ ಇದ್ದ ದೇಶದ ಬೆಳೆ ಮರುವರ್ಷ 2.2 ಕೋಟಿಗೆ ಇಳಿಯಿತು. ಔಷಧದಿಂದ ಇದನ್ನು ಗೆಲ್ಲಲಾಗಲಿಲ್ಲ. ಆಫ್ರಿಕದಲ್ಲಿ ಇದೇ ಕೀಟವನ್ನು ಹಿಂದೆ ಮಣಿಸಿದ್ದ, ಎಳ್ಳಿನಷ್ಟು ಪುಟ್ಟ ಕಣಜವೊಂದನ್ನು 2009ರಲ್ಲಿ ಬೆನಿನ್ ದೇಶದಿಂದ ತರಿಸಿ, ಸಾಕಿ, 2010ರಿಂದ ಹೊಲಗಳಲ್ಲಿ ಬಿಟ್ಟರು. ಅದು ತಿಗಣೆಯ ಮೈಯಲ್ಲಿಯೇ ಮೊಟ್ಟೆಯಿಡುತ್ತದೆ. ತಿಗಣೆ 2020ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡಾಗ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಬೆನಿನ್ನಿನಿಂದ ಅದೇ ಕಣಜವನ್ನು ತರಿಸಿ, 2022ರಲ್ಲಿ ಸೇಲಂ ಜಿಲ್ಲೆಯ ಹೊಲಗಳಲ್ಲಿ ಬಿಟ್ಟರು. ಸರಕಾರದ ಸಂಸ್ಥೆಗಳೂ ಒಂದರ್ಥದಲ್ಲಿ ಬದುವಿನ ಮೇಲಿನ ಭೇಟಿಯನ್ನೇ ನಡೆಸುತ್ತವೆ.

ಭಾಷೆ ಕಲಿತವನ ಪಾಡು ಬೇರೆ ಎಂಬುದಕ್ಕೆ ಥಾಯ್ಲೆಂಡಿನಲ್ಲಿ ಎಲ್ಲರೂ ಬಲ್ಲ ನಿದರ್ಶನ ಮಾರ್ಟಿನ್ ವೀಲರ್. ಲಂಡನ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಓದಿದ ಈ ಆಂಗ್ಲನು ಖೋನ್ ಕೇನ್ ಪ್ರಾಂತದ ಹಳ್ಳಿಯಲ್ಲಿ ಬೇಸಾಯಕ್ಕೆ ನಿಂತು, ಈಸಾನಿನ ಆಡುಮಾತಿನಲ್ಲಿ ಥಾಯ್ ರೈತರ ಸಭೆಗಳಿಗೇ ಉಪನ್ಯಾಸ ಮಾಡುವಷ್ಟು ಬೆಳೆದನು. ಮಾರುವುದಕ್ಕೆ ಮೊದಲು ತಿನ್ನುವುದಕ್ಕೆ ಬೆಳೆ ಎಂಬುದು ಅವನ ಬಾಳಿನ ಸಾರ. ಇದನ್ನು ಅವನಿಗೆ ಕಲಿಸಿದವರು ಅತ್ತೆಮಾವಂದಿರ ಪೀಳಿಗೆಯವರೇ ಇರಬೇಕು. ಹಳ್ಳಿಯ ತರುಣರು ಹೊರಟುಹೋದ ಮೇಲೆ ಅವರ ಬತ್ತದ ಮರ್ಮಗಳನ್ನು ಕೇಳುವ ಕಿವಿ ಕೆಲವು ಮನೆಗಳಲ್ಲಿ ಪರಂಗಿಯದೊಂದೇ. ಎಪ್ಪತ್ತರ ಅತ್ತೆಯೂ ಅರವತ್ತರ ಅಳಿಯನೂ ಗದ್ದೆಯಲ್ಲಿ, ಮಗನು ಬ್ಯಾಂಕಾಕಿನ ಟ್ಯಾಕ್ಸಿಯಲ್ಲಿ—ಇದು ಅಲ್ಲಿ ಅಪರೂಪದ ದೃಶ್ಯವಲ್ಲ. ಬಿಸಿಲಿನಲ್ಲಿ ಕುಡಿದು ಕುಳಿತು, ಊರವರನ್ನು ಹಳಿಯುತ್ತ, ಇಪ್ಪತ್ತು ವರ್ಷವಾದರೂ ಅತ್ತೆಯೊಡನೆ ನಾಲ್ಕು ಮಾತು ಆಡಲಾರದವರೂ ಇದ್ದಾರೆ. ಅವರ ಹೊಂಡಗಳ ಬಳಿಗೆ ಯಾರೂ ಹೋಗುವುದಿಲ್ಲ.

ಹೆಂಡತಿ ಮೊದಲು ತೀರಿಕೊಂಡರೆ? ಈ ಪ್ರಶ್ನೆಯನ್ನು ಬದುವಿನ ಮೇಲೆ ಯಾರೂ ಎತ್ತುವುದಿಲ್ಲ, ಕತ್ತಲಾದ ಮೇಲೆ ಎತ್ತುತ್ತಾರೆ. ವಾರಸುದಾರನಾದ ವಿದೇಶೀಯ ಗಂಡ ಆ ಭೂಮಿಯನ್ನು ಒಂದು ವರ್ಷದೊಳಗೆ ಮಾರಬೇಕು. ತಾನು ನೆಟ್ಟ ತೇಗ ಅದುವರೆಗೆ ತೊಡೆಯ ಗಾತ್ರಕ್ಕೆ ಬಂದಿರುತ್ತದೆ. ಮಕ್ಕಳಿದ್ದರೆ ಅವರು ಥಾಯ್ ಪ್ರಜೆಗಳು, ಅವರ ಹೆಸರಿಗೆ ಮಾಡಿಸಬಹುದು. ಮಕ್ಕಳಿಲ್ಲದವನು ನಾದಿನಿಯ ಮಗನ ಮುಖ ನೋಡಬೇಕು. ತಿಳಿದವರು ಕಳೆದುಕೊಳ್ಳಲಾರದಷ್ಟನ್ನು ನೆಲಕ್ಕೆ ಹಾಕಬೇಡವೆಂದು ಹೇಳುತ್ತಾರೆ. ಹೇಳಿದವರೇ ಮರುದಿನ ಬೆಳಗಿನಲ್ಲಿ ಬದುವಿನುದ್ದಕ್ಕೂ ತೇಗದ ಸಸಿ ಇಡುತ್ತಿರುವುದನ್ನು ಕಾಣಬಹುದು.

ಭೇಟಿ ಮುಗಿದು ಹೊರಡುವ ಅತಿಥಿಯ ಗಾಡಿಗೆ ಒಂದು ಹೊರೆ ಮರಗೆಣಸಿನ ಕಾಂಡ ಕಟ್ಟಿಕೊಡುವುದು ಬಹುಕಾಲ ನಡೆದ ಮರ್ಯಾದೆ. ತಿಗಣೆಯ ಹಾವಳಿಯ ಮೇಲೆ ಆ ಕಾಂಡವನ್ನು ಔಷಧದ ನೀರಿನಲ್ಲಿ ನೆನೆಸಿ ನೆಡುವುದನ್ನು ಕಲಿತರು. 2018ರಲ್ಲಿ ಕಾಂಬೋಡಿಯಾದ ಗಡಿಯ ಕಡೆ ಎಲೆ ಸುರುಟುವ ಮೊಸಾಯಿಕ್ ರೋಗ ಕಾಲಿಟ್ಟಿತು. ಅದು ಕಾಂಡದ ಒಳಗೇ ಕುಳಿತು ಬರುವ ನಂಜು, ನೆನೆಸಿದರೆ ಹೋಗುವಂಥದಲ್ಲ. ಎಚ್ಚರಿಕೆಯುಳ್ಳ ಮನೆಗಳಲ್ಲಿ ಈಗ ಅತಿಥಿ ಕೇಳುವುದಿಲ್ಲ, ಆತಿಥೇಯ ಕೊಡುವುದಿಲ್ಲ. ಗಂಡಸರಿಬ್ಬರೂ ಕೈ ಬರಿದಾಯಿತೆಂದು ಮುಜುಗರದಿಂದ ನಿಂತಿರುವಾಗ, ಒಳಗಿನಿಂದ ಹೆಂಗಸರು ಬಾಳೆಯ ಎರಡು ಕಂದು, ನಿಂಬೆಹುಲ್ಲಿನ ಒಂದು ಬುಡ, ಒಂದು ಚೀಲ ಹೊಸ ಅಕ್ಕಿ ತಂದು ಗಾಡಿಗೆ ಏರಿಸಿಬಿಡುತ್ತಾರೆ.